ಮೂಗಿನ ಮುಂದಿನ ಎಳೆ

ಸಾಲಹಟ್ಟಿಯಲ್ಲಿ ಗೊರಕೆ ನಿಂತುಹೋದಾಗ ಮೊದಲಿಗೆ ಎಲ್ಲರೂ ಸಂತೋಷಪಟ್ಟರು.

ಗೊರಕೆ ಅಲ್ಲಿ ಸಣ್ಣ ವಿಷಯವೇನಲ್ಲ. ಘಟಪ್ರಭೆಯ ಕಾಲುವೆಯಾಚೆಗಿನ ಆ ನೇಕಾರರ ಊರಿನಲ್ಲಿ ಪ್ರತಿ ಮನೆಯಲ್ಲೂ ಪಾವರ್‌ಲೂಮ್ ಇದೆ. ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿಕೊಂಡೇ ಮಗ್ಗ ಕೂತಿರುತ್ತದೆ. ಬೆಳಗಾದರೆ ಖಟಖಟ ಶುರು. ಆ ಊರಿನ ಕೂಸುಗಳು ಮಗ್ಗ ನಿಂತರೆ ಅಳುತ್ತವೆ, ಓಡಿದರೆ ನಿದ್ದೆ ಹೋಗುತ್ತವೆ. ಆ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ ಎಂದು ಜನ ತಲೆಮಾರಿನಿಂದ ಕೈಸನ್ನೆ ಕಲಿತಿದ್ದಾರೆ. ಅಂಗೈ ಮೇಲೆತ್ತಿ ತೋರಿಸಿದರೆ ಎಳೆ ಹರಿದಿದೆ, ಬಾ ಎಂದರ್ಥ. ತೋರುಬೆರಳನ್ನು ಲಾಳಿಯ ಹಾಗೆ ಆಚೀಚೆ ಆಡಿಸಿದರೆ ಎಲ್ಲ ಸರಿಯಾಗಿ ಓಡುತ್ತಿದೆ ಎಂದರ್ಥ. ಗಂಡ ಹೆಂಡತಿ ಜಗಳವಾಡುವುದೂ ಕೈಯಲ್ಲೇ, ರಾಜಿಯಾಗುವುದೂ ಕೈಯಲ್ಲೇ. ಹೊರಗಿನವರು ನೋಡಿದರೆ ಇಡೀ ಓಣಿಗೆ ಮೈಮೇಲೆ ದೇವರು ಬಂದಿದೆ ಎಂದುಕೊಳ್ಳಬೇಕು.

ಹತ್ತಿಯ ಧೂಳು ವರ್ಷಗಟ್ಟಲೆ ಎದೆಗಿಳಿದು, ವಯಸ್ಸಾಗುವ ಹೊತ್ತಿಗೆ ನೇಕಾರರ ಉಸಿರು ಹರಿದ ತಿದಿಯಂತೆ ಕುಯ್ಗುಡುತ್ತದೆ. ದುಂಡವ್ವನದೂ ಹಾಗೇ ಆಗಿತ್ತು. ಹುಡುಗಿಯಾಗಿದ್ದಾಗಿನಿಂದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಸುತ್ತಿ ಎದೆ ಕೆಟ್ಟಿತ್ತು. ಹಿತ್ತಲಿನ ಮೂರು ಮೆಟ್ಟಿಲು ಹತ್ತಿದರೆ ಸಾಕು, ಕಂಬ ಹಿಡಿದು ನಿಲ್ಲುತ್ತಿದ್ದಳು. ಇನ್ನು ಅವಳ ಗೊರಕೆಯೋ, ಓಣಿಗೆಲ್ಲ ಪ್ರಸಿದ್ಧ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಆ ನಿಶ್ಶಬ್ದದಲ್ಲಿ ಅದೊಂದೇ ಕೇಳುತ್ತಿತ್ತು. ಎದುರು ಮನೆಯವರು ನಗುತ್ತಿದ್ದರು: "ಕರೆಂಟ್ ಹೋತು, ದುಂಡವ್ವನ ಮಗ್ಗ ಚಾಲೂ ಆತು ನೋಡ್ರಿ."

ಆಮೇಲೆ ತೋಳಬಂದಿ ಬಂತು.

ತಯಾರಿಸಿದ ಕಂಪನಿಯವರು ಅದಕ್ಕೆ ಏನೋ ಉದ್ದನೆಯ ಹೆಸರಿಟ್ಟಿದ್ದರು. ತೋಳಿಗೆ ಕಟ್ಟುವುದಾದ್ದರಿಂದ ಊರಿನ ಹೆಂಗಸರು ಒಡವೆಯ ಹೆಸರನ್ನೇ ಕೊಟ್ಟರು. ಹೆಬ್ಬೆರಳಿನಷ್ಟು ದಪ್ಪದ ಪಟ್ಟಿ. ಅದರೊಳಗೊಂದು ಗುಂಡು, ಗುಂಡಿನೊಳಗೆ ಆಮ್ಲಜನಕ ತುಂಬಿದ ಕಣ್ಣಿಗೆ ಕಾಣದ ಜಿಡ್ಡಿನ ಗುಳ್ಳೆಗಳು. ಚರ್ಮದ ಕೆಳಗೆ ಹೊಕ್ಕ ಕೂದಲಿನಂಥ ಸೂಜಿಯಿಂದ ಅವು ನೇರ ರಕ್ತಕ್ಕೆ ಇಳಿಯುತ್ತವೆ. ಶ್ವಾಸಕೋಶ ಕೆಟ್ಟಿದ್ದರೂ ಚಿಂತೆಯಿಲ್ಲ, ರಕ್ತಕ್ಕೆ ಬೇಕಾದದ್ದು ತೋಳಿನಿಂದಲೇ ಸಿಗುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೆ ಪಟ್ಟಿಯ ಮೇಲಿನ ದೀಪ ಹಸಿರು, ಇಳಿದರೆ ಕೆಂಪು. ಎಷ್ಟು ಬಿಡಬೇಕೆಂದು ಹೊಂದಿಸಲು ಪಕ್ಕದಲ್ಲೊಂದು ತಿರುಪು. ಅಂಥದೊಂದು ವರ ಕೈಗೆ ಬಂದರೆ ಬೇಡ ಎನ್ನುವವರು ಯಾರು? ಮೊದಲು ಕೊಟ್ಟದ್ದೇ ನೇಕಾರರ ಊರುಗಳಿಗೆ.

ದುಂಡವ್ವ ಪಟ್ಟಿ ಕಟ್ಟಿಕೊಂಡ ದಿನವೇ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಸಂಡಿಗೆ ಹಾಕಿ ಬಂದಳು. ಸೊಸೆ ಶೈಲಾ ಕೆಳಗೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಕಸ್ತೂರಿಯೂ ಅತ್ತಳು. ಅವ್ವನ ಕಪ್ಪಿಟ್ಟ ತುಟಿ ಮದುಮಗಳ ತುಟಿಯಂತೆ ಕೆಂಪಾಗಿತ್ತು. ಕೆಲವೇ ವಾರಗಳಲ್ಲಿ ಗೊರಕೆ ನಿಂತಿತು. ಅಷ್ಟೂ ವರ್ಷದಲ್ಲಿ ಮೊದಲ ಸಲ ಮನೆಮಂದಿಯೆಲ್ಲ ಕಣ್ತುಂಬ ನಿದ್ದೆ ಮಾಡಿದರು.

*

ಕಸ್ತೂರಿ ತುರ್ತು ಚಿಕಿತ್ಸೆಯ ತರಬೇತಿ ಕೇಂದ್ರದಲ್ಲಿ ಕಲಿಯುತ್ತಿದ್ದಳು. ಊರ ಹೊರಗಿನ ಹಳೆಯ ನೂಲಿನ ಗೋದಾಮಿಗೆ ಸುಣ್ಣ ಬಳಿದು ಕೇಂದ್ರ ಮಾಡಿದ್ದರು. ಪಾಸಾದರೆ ಆಂಬುಲೆನ್ಸ್‌ನಲ್ಲಿ ಕೆಲಸ. ಅವಳ ತಂಡ ಸೇರಿದಾಗ ಹಳೆಯ ಪಾಠವೇ ಇತ್ತು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತದ ಓಡಾಟ. ಪಾಠ ಹೇಳುತ್ತಿದ್ದವರು ಡಾಕ್ಟರ್ ಕಟಗೇರಿ ಮೇಡಂ. ಗಟ್ಟಿ ದನಿಯ, ಗಡಿಬಿಡಿಯ ಹೆಂಗಸು.

"ದಾರಿ ಮುಚ್ಚಿತ್ತಂದ್ರ ಉಳಿದದ್ದೆಲ್ಲಾ ದಂಡ," ಎಂದು ಅಭ್ಯಾಸದ ಗೊಂಬೆಯ ಪಕ್ಕ ಮೊಣಕಾಲೂರಿ ಹೇಳುತ್ತಿದ್ದರು. "ಎಚ್ಚರ ತಪ್ಪಿದಾಂವನ ನಾಲಿಗಿ ಹಿಂದಕ್ಕ ಬೀಳತೈತಿ. ಗೊರಕಿ ಬಂತಂದ್ರ ದಾರಿ ಅರ್ಧ ಮುಚ್ಚೇತಿ ಅಂತ ತಿಳೀರಿ. ಸದ್ದ ಇಲ್ಲ ಅಂದ್ರ? ಒಂದೋ ದಾರಿ ಪೂರ್ತಿ ತೆರದೈತಿ, ಇಲ್ಲಾ ಪೂರ್ತಿ ಮುಚ್ಚೇತಿ. ಹಣಿ ಮ್ಯಾಲೆ ಒಂದು ಕೈ, ಗದ್ದದ ಬುಡಕ ಎರಡು ಬಟ್ಟು. ತಲಿ ಹಿಂದಕ್ಕ, ಗದ್ದ ಮ್ಯಾಲಕ್ಕ. ಆಮ್ಯಾಲೆ ಕಿವಿ ಬಾಯಿ ಹಂತೇಕ ಒಯ್ದು, ಎದಿ ನೋಡ್ರಿ, ಉಸರು ಕೇಳ್ರಿ, ಗಲ್ಲಕ್ಕ ಗಾಳಿ ತಾಕತೈತೇನು ನೋಡ್ರಿ."

ಒಂದು ದಿನ ಇನ್ನೊಂದು ಸಂಗತಿಯನ್ನೂ ಹೇಳಿದ್ದರು. ಉಸಿರಾಡು ಎಂದು ಮೈಗೆ ನೆನಪಿಸಲು ಮೆದುಳಿನಲ್ಲಿ ಎರಡು ಗಂಟೆಗಳಿವೆಯಂತೆ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದೆ ಕೂಡಿಬಿದ್ದರೆ ಒಂದು ಬಾರಿಸುತ್ತದೆ, ಒಳ್ಳೆಯ ಗಾಳಿ ಕಡಿಮೆಯಾದರೆ ಇನ್ನೊಂದು. ವರ್ಷಗಟ್ಟಲೆ ಧೂಳು ಕುಡಿದ ಎದೆಯಲ್ಲಿ ಕೆಟ್ಟ ಗಾಳಿ ಯಾವಾಗಲೂ ತುಂಬಿಕೊಂಡೇ ಇರುವುದರಿಂದ ಮೊದಲನೆಯ ಗಂಟೆ ಬಾರಿಸಿ ಬಾರಿಸಿ ಮಂಕಾಗಿಬಿಡುತ್ತದೆ. ಅಂಥವರು ಬದುಕಿರುವುದೇ ಎರಡನೆಯ ಗಂಟೆಯ ಮೇಲೆ.

"ಇದು ಪರೀಕ್ಷಾಕ್ಕ ಬರೂದಿಲ್ಲ, ಬಿಡ್ರಿ," ಎಂದು ಮೇಡಂ ಪುಟ ತಿರುವಿದ್ದರು.

ತೋಳಬಂದಿ ಬಂದ ಮೇಲೆ ಪಾಠವೇ ಬದಲಾಯಿತು. ಮೇಲಿನಿಂದ ಹೊಸ ಕ್ರಮ ಬಂತು: ಮೊದಲು ದೀಪ ನೋಡು. ಹಸಿರಿದ್ದರೆ ಉಸಿರಿನ ಗೊಡವೆ ಬೇಡ, ನೇರ ರಕ್ತಸ್ರಾವ ತಡೆಯಲು ಹೋಗು. ಮಗ್ಗದ ಸದ್ದಿನಲ್ಲಿ ಬಾಯಿಗೆ ಕಿವಿ ಕೊಟ್ಟು ಹೊತ್ತು ಕಳೆಯುವುದು ತಪ್ಪಿತು ಎಂದು ಹುಡುಗರು ಖುಷಿಪಟ್ಟರು. ಹೊಸ ಗೊಂಬೆ ಬಂತು. ಅದರ ಕುತ್ತಿಗೆ ಬಾಗುತ್ತಿರಲಿಲ್ಲ, ಎದೆ ಏಳುತ್ತಿರಲಿಲ್ಲ. ತೋಳಿನಲ್ಲಿ ದೀಪ, ತೊಡೆಯಲ್ಲಿ ಕೆಂಪು ನೀರು ಸೋರುವ ಗಾಯ, ಅಷ್ಟೇ. ಕೈಯಿಂದ ಒತ್ತಿ ಎದೆಗೆ ಗಾಳಿ ತುಂಬುವ ಆಂಬು ಬ್ಯಾಗ್‌ಗಳನ್ನು ಆಂಬುಲೆನ್ಸ್‌ನಿಂದ ಇಳಿಸಿ, ಆ ಜಾಗದಲ್ಲಿ ಪಟ್ಟಿಯ ಗುಂಡುಗಳ ಡಬ್ಬಿ ಇಟ್ಟರು. ಹಳೆಯ ಗೊಂಬೆ ಸ್ಟೋರ್ ರೂಮಿನಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಬಿಟ್ಟುಕೊಂಡು ಬಿದ್ದಿತು. ಪೊರಕೆ ತರಲು ಹೋದಾಗಲೆಲ್ಲ ಕಸ್ತೂರಿಗೆ ಅದನ್ನು ಕಂಡು ಮೈ ಜುಮ್ಮೆನ್ನುತ್ತಿತ್ತು.

*

ಕೇಂದ್ರದ ಒಳಕೋಣೆಯಲ್ಲಿ ಒಂದು ಗೋಡೆ ತುಂಬ ಊರಿನ ನಕ್ಷೆ ಹೊಳೆಯುತ್ತಿತ್ತು. ಪಟ್ಟಿ ಕಟ್ಟಿಕೊಂಡ ಒಬ್ಬೊಬ್ಬರೂ ಅದರಲ್ಲೊಂದು ಹಸಿರು ಚುಕ್ಕೆ. ಕಲಿಯುವವರು ಸರದಿಯಂತೆ ಅದನ್ನು ಕಾಯಬೇಕು. ಕಾಯುವುದೆಂದರೆ ಚಹಾ ಕುಡಿಯುವುದು. ಚುಕ್ಕೆಗಳು ಎಂದೂ ಕೆಂಪಾಗುತ್ತಿರಲಿಲ್ಲ. ಕಸ್ತೂರಿ ಕುರ್ಚಿಯಲ್ಲಿ ಕೂತ ಕೂಡಲೇ ಮೊದಲು ತಮ್ಮ ಓಣಿ, ಓಣಿಯಲ್ಲಿ ತಮ್ಮ ಮನೆ, ಮನೆಯಲ್ಲಿ ಅವ್ವನ ಚುಕ್ಕೆ ಹುಡುಕುತ್ತಿದ್ದಳು. ಅದು ಮಿನುಗುತ್ತಿದ್ದರೆ ಅವಳಿಗೆ ಸಮಾಧಾನ.

ಒಂದು ಬೆಳಿಗ್ಗೆ ಅವಳು ಆ ಗೋಡೆಯ ಮುಂದೆ ಇದ್ದಾಗಲೇ ಮೊಬೈಲ್‌ಗೆ ಕರೆ ಬಂತು. ಹಿಂದಿನ ಓಣಿಯ ಶಿವಪ್ಪ ಕಾಕಾ ಎಬ್ಬಿಸಿದರೆ ಏಳುತ್ತಿಲ್ಲ. ಕಸ್ತೂರಿ ಗೋಡೆ ನೋಡಿದಳು. ಶಿವಪ್ಪನ ಚುಕ್ಕೆ ಹಸಿರು. "ಹಸರ ಐತ್ರಿ, ಜಡ ನಿದ್ದಿ ಇರಬೇಕು," ಎಂದಳು ಅವಳೇ. ಆದರೂ ಮೇಡಂ ಜೊತೆ ಹೊರಟಳು.

ಮನೆ ತುಂಬ ಜನ. ಮುದುಕ ಕಂಬಳಿಯ ಮೇಲೆ ಮಲಗಿದ್ದ. ತೋಳಿನ ದೀಪ ಹಸಿರಾಗಿ ಉರಿಯುತ್ತಿತ್ತು. ಕಸ್ತೂರಿ ಕೈ ಮುಟ್ಟಿದಳು. ಪಟ್ಟಿಯ ಕಾವು ತಾಗಿದ ತೋಳೊಂದು ಬಿಟ್ಟು ಮೈಯೆಲ್ಲ ತಣ್ಣಗೆ, ಬೆರಳು ಸೆಟೆದಿದ್ದವು. ಸತ್ತು ಬಹಳ ಹೊತ್ತಾಗಿತ್ತು. ಪಟ್ಟಿ ತಾನು ಕೊಟ್ಟ ಆಮ್ಲಜನಕವನ್ನು ತಾನೇ ಅಳೆದುಕೊಂಡು, ಹೆಣದ ತೋಳಿನಲ್ಲಿ ಕೂತು ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿತ್ತು.

"ದೀಪ ಹಸರ ಐತಲ್ಲವಾ," ಎಂದು ಕಾಕಾನ ಹೆಂಡತಿ ಕಸ್ತೂರಿಯ ಕೈ ಹಿಡಿದುಕೊಂಡಳು. "ಹಸರ ಇದ್ದಾಗ ಮಣ್ಣಿಗೆ ಹ್ಯಾಂಗ ಒಯ್ತೀರಿ? ಅಂವಾ ಇನ್ನಾ ಅದಾನ. ಒಂದೀಟ ತಡೀರಿ."

ಆ ಸಂಜೆಯವರೆಗೂ ಮುದುಕಿ ಹೆಣ ಎತ್ತಗೊಡಲಿಲ್ಲ. ಕೊನೆಗೆ ಮೇಡಂ ತಾವೇ ಪಟ್ಟಿ ಬಿಚ್ಚಿದರು.

ಊರು ಹೆದರಿತು. ಹೆದರಿದ ಊರು ಏನು ಮಾಡುತ್ತದೋ ಸಾಲಹಟ್ಟಿಯೂ ಅದನ್ನೇ ಮಾಡಿತು. ಮುದುಕನಿಗೆ ಉಸಿರು ಸಾಲಲಿಲ್ಲ, ಗುಂಡಿನಲ್ಲಿ ಗಾಳಿ ಕಡಿಮೆ ಇತ್ತು ಎಂದು ಎಲ್ಲರೂ ಸೇರಿ ಕೇಂದ್ರದ ಮುಂದೆ ಗದ್ದಲ ಹಾಕಿದರು. ಗದ್ದಲಕ್ಕೆ ಬೆಲೆ ಬಂತು. ಕಂಪನಿಯವರು ಮೊದಲಿಗಿಂತ ಜೋರಾದ ಹೊಸ ಗುಂಡು ಕಳಿಸಿದರು. ಓಣಿ ಓಣಿಗೆ ಹೋಗಿ ಅದನ್ನು ಹಾಕಿ ಬಂದವರು ಕಲಿಯುವ ಮಕ್ಕಳೇ. ಅವ್ವನ ತೋಳಿನ ಪಟ್ಟಿಗೆ ಹೊಸ ಗುಂಡನ್ನು ಕಸ್ತೂರಿ ತನ್ನ ಕೈಯಾರೆ ಹಾಕಿದಳು.

*

ಅಂದಿನಿಂದ ದುಂಡವ್ವ ತೂಕಡಿಸತೊಡಗಿದಳು.

ಬೆಳಿಗ್ಗೆ ಎದ್ದರೆ ತಲೆ ಭಾರ. ರಾಟೆಯ ಮುಂದೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಮುಖ ಮಾತ್ರ ಹೊಳೆಯುವ ಕೆಂಪು. ಬಂದವರೆಲ್ಲ "ದುಂಡಕ್ಕಾ, ಹರೇ ಬಂತಲ್ಲ ನಿನಗ" ಎಂದು ಚೇಷ್ಟೆ ಮಾಡುತ್ತಿದ್ದರು. ಅವಳು ಸ್ವಲ್ಪ ತಡವಾಗಿ ನಗುತ್ತಿದ್ದಳು, ಮಾತು ದೂರದಿಂದ ಬಂದು ಮುಟ್ಟಿದ ಹಾಗೆ.

ಕಸ್ತೂರಿಯನ್ನು ಹೆದರಿಸಿದ್ದು ಅವ್ವನ ಕೈ. ಹುಟ್ಟಿದಾಗಿನಿಂದ ನೋಡಿದ ಕೈಗಳು ಅವು. ಹರಿದ ಎಳೆಯನ್ನು ಕಣ್ಣು ಹಾಯಿಸದೆ ಗಂಟು ಹಾಕುವ ಕೈಗಳು. ಈಗ ಎಳೆ ಹಿಡಿಯಲು ಮುಂದೆ ಚಾಚಿದರೆ ಮಣಿಕಟ್ಟು ಪಟಕ್ಕನೆ ಕೆಳಗೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು.

"ಅವ್ವಾ, ಕೈಗೇನಾತು?"

"ಏನಿಲ್ಲ ಬಿಡ. ನಿದ್ದಿ. ಇಷ್ಟ ದಿನದ ನಿದ್ದಿ ಬಾಕಿ ಐತಲ್ಲ, ಈಗ ವಸೂಲಿ ಮಾಡಾಕ ಹತ್ತೇತಿ."

ಶೈಲಾ ಒಲೆಯ ಮುಂದಿನಿಂದ ಹೇಳಿದಳು: "ಮಲಗಲಿ ಬಿಡು ಕಸ್ತೂರಿ. ಅತ್ತಿ ಜಲ್ಮದಾಗ ಇಷ್ಟು ಆರಾಮ ಕಂಡಿದ್ದಿಲ್ಲ. ಮೊಸರನ್ಯಾಗ ಕಲ್ಲ ಹುಡುಕ್ತೀಯಲ್ಲ ನೀ."

ಕಸ್ತೂರಿ ಮೇಡಂ ಬಳಿ ಹೋಗಿ ಹೇಳಿದಳು. ಮೇಡಂ ಗೋಡೆಯ ಕಡೆ ಕೈ ಮಾಡಿದರು. ಅವ್ವನ ಚುಕ್ಕೆ ಉಳಿದೆಲ್ಲ ಚುಕ್ಕೆಗಳಂತೆ ಹಸಿರಾಗಿತ್ತು. "ನೂರಕ್ಕ ನೂರು ಐತವಾ ನಿಮ್ಮವ್ವಂದು. ನನ್ನ ರಕ್ತದಾಗೂ ಅಷ್ಟಿಲ್ಲ," ಎಂದರು. ಮಾತು ಮುಗಿದ ಮೇಲೂ ಅವರು ಗೋಡೆಯನ್ನೇ ನೋಡುತ್ತ ನಿಂತರು. ಏನೋ ನೆನಪಿಗೆ ಬಂದಂತೆ, ಬಂದದ್ದನ್ನು ಒಪ್ಪಲಾಗದಂತೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಗೊತ್ತಿದ್ದವರೂ ಹಸಿರಾಗಿದ್ದದ್ದನ್ನೆಲ್ಲ ಜೀವ ಎಂದು ನಂಬಿದ್ದ ಕಾಲ ಅದು.

*

ಮರುವಾರ, ಬಿಸಿಲು ಕಾದ ಒಂದು ಮಧ್ಯಾಹ್ನ. ಊಟವಾಗಿ ಹಿರಿಯರೆಲ್ಲ ಅಡ್ಡಾಗಿದ್ದರು. ಕಸ್ತೂರಿ ಮನೆಯಲ್ಲೇ ಇದ್ದಳು. ಅವಳ ಅಣ್ಣ ನೂಲು ತರಲು ಹೋಗಿದ್ದ. ಶೈಲಾ ಮಗ್ಗ ನೋಡಿಕೊಳ್ಳುತ್ತಿದ್ದಳು. ಆಗ ಕರೆಂಟು ಹೋಯಿತು.

ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಸ್ವಿಚ್ ಆರಿಸುವ ರೂಢಿ ಅಲ್ಲಿಲ್ಲ. ಕರೆಂಟು ಬಂದೊಡನೆ ಮಗ್ಗ ತಾನೇ ಓಡಲಿ ಎಂದು ಹಾಗೇ ಬಿಟ್ಟಿರುತ್ತಾರೆ. ಕಿವಿ ಗುಂಯ್ಗುಡುವ ಆ ಮೌನದಲ್ಲಿ ಕಸ್ತೂರಿ ಅಭ್ಯಾಸಬಲದಿಂದ ಕಾದಳು. ಏನಕ್ಕೆ ಕಾಯುತ್ತಿದ್ದೇನೆಂದು ಕ್ಷಣಹೊತ್ತು ಅವಳಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವ್ವನ ಮಗ್ಗ.

ಅವ್ವನದೊಂದೇ ಅಲ್ಲ. ಬೇಸಗೆಯ ಮಧ್ಯಾಹ್ನ ಕರೆಂಟು ಹೋದರೆ ಓಣಿಯ ಎರಡೂ ಬದಿಯಿಂದ ಮುದುಕರ ಗೊರಕೆ, ಕೆಮ್ಮು, ಕುಯ್ಗುಟ್ಟುವ ಎದೆಗಳ ಸದ್ದು ಕೇಳಬೇಕು. ಈಗ ಎಲ್ಲಿಯೋ ಒಂದು ಆಡು ಒದರಿದ್ದು ಬಿಟ್ಟರೆ ಏನೂ ಇಲ್ಲ. ಮೇಡಂ ಮಾತು ಕಿವಿಯಲ್ಲಿ ಕೇಳಿತು: ಸದ್ದ ಇಲ್ಲ ಅಂದ್ರ? ಒಂದೋ ದಾರಿ ಪೂರ್ತಿ ತೆರದೈತಿ, ಇಲ್ಲಾ...

ಎರಡು ಗಂಟೆಗಳು ಅವಳಿಗೆ ನೆನಪಾದವು. ಅವ್ವನ ಮೊದಲನೆಯ ಗಂಟೆ ಧೂಳಿನಲ್ಲಿ ಎಂದೋ ಮಂಕಾಗಿತ್ತು. ಇದ್ದದ್ದು ಎರಡನೆಯದೊಂದೇ. ಒಳ್ಳೆಯ ಗಾಳಿ ಕಡಿಮೆಯಾದರೆ ಬಾರಿಸುವ ಆ ಗಂಟೆಗೆ ಈಗ ಬಾರಿಸುವ ಕೆಲಸವೇ ಇಲ್ಲ, ಯಾಕೆಂದರೆ ತೋಳಬಂದಿ ಕಡಿಮೆಯಾಗಲು ಬಿಡುವುದಿಲ್ಲ. ಉಸಿರಾಡು ಎಂದು ಅವ್ವನ ಮೈಗೆ ಹೇಳುವವರು ಯಾರೂ ಉಳಿದಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗದೆ ಒಳಗೇ ತುಂಬಿ ತುಂಬಿ, ಅದರ ಮತ್ತಿನಲ್ಲಿ ಅವ್ವ ಕೆಂಪಗೆ, ಬೆಚ್ಚಗೆ ಮುಳುಗುತ್ತಿದ್ದಾಳೆ. ಕಸ್ತೂರಿ ನಡುಮನೆಗೆ ಓಡಿದಳು.

ದುಂಡವ್ವ ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಕೆನ್ನೆ ಗುಲಾಬಿ. ತುಟಿ ಅರೆತೆರೆದಿತ್ತು. ತೋಳಿನಲ್ಲಿ ಹಸಿರು.

"ಅವ್ವಾ! ಏಳಬೇ! ಅವ್ವಾ!"

ಕಸ್ತೂರಿ ಭುಜ ಹಿಡಿದು ಅಲುಗಿಸಿದಳು. ತಲೆ ಅತ್ತಿತ್ತ ಆಡಿತು, ಕಣ್ಣು ತೆರೆಯಲಿಲ್ಲ. ಕಿವಿ ಬಾಯಿಗೆ ಕೊಟ್ಟಳು. ತನ್ನದೇ ಎದೆಬಡಿತ ಬಿಟ್ಟು ಬೇರೇನೂ ಕೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಎದೆ ಏಳುತ್ತಿದೆಯೋ ಇಲ್ಲವೋ ಕಾಣಲಿಲ್ಲ. ತನ್ನ ಕೆನ್ನೆ ಬೆವತು ಒದ್ದೆಯಾಗಿದ್ದರಿಂದ ಗಾಳಿ ತಾಕಿತೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ರಾಟೆಯ ಮೇಲಿನ ಕಂಡಿಕೆಯಿಂದ ಒಂದು ಎಳೆ ಕಿತ್ತು, ತುದಿಯನ್ನು ಬೆರಳಲ್ಲಿ ಎಕ್ಕಿ ಬಿಡಿಸಿ, ಅರಳೆಯಷ್ಟು ಹಗುರ ಮಾಡಿ, ಅವ್ವನ ಮೂಗಿನ ಮುಂದೆ ಹಿಡಿದಳು.

ಹಿಂದಿನಿಂದ ಶೈಲಾ ಕಿರುಚಿಕೊಂಡಳು. "ಏಯ್! ಏನ ಮಾಡಾಕ ಹತ್ತಿ? ತಗೀ ಅದನ್ನ!"

ಮೂಗಿಗೆ ಎಳೆ ಹಿಡಿಯುವುದು ಆ ಊರಿನಲ್ಲಿ ಒಂದೇ ಹೊತ್ತಿನಲ್ಲಿ. ಚಟ್ಟಕ್ಕೆ ಬಿದಿರು, ಮಡಿಕೆ ತರಲು ಜನ ಕಳಿಸುವ ಮುಂಚೆ, ಹಿರಿಯಳೊಬ್ಬಳು ಕೊನೆಯದಾಗಿ ಹಿಡಿದು ನೋಡುವ ಎಳೆ ಅದು. ಬದುಕಿದವರ ಮೂಗಿಗೆ ಹಿಡಿದರೆ ಸಾವನ್ನು ಹೆಸರು ಹಿಡಿದು ಕರೆದಂತೆ.

"ಮಾರಿ ನೋಡು, ಹೂವಿನಂಗ ಐತಿ! ದೀಪ ಹಸರ ಐತಿ! ಜೀವಂತ ಇದ್ದಾಕಿ ಮೂಗಿಗೆ ಎಳಿ ಹಿಡೀತಿಯಾ? ಬಿಡ್ತು ಅನ್ನು! ಬಿಡ್ತು ಅನ್ನು ಕಸ್ತೂರಿ!" ಶೈಲಾ ಅವಳ ಮಣಿಕಟ್ಟು ಹಿಡಿದು ಎಳೆದಳು.

"ವೈನಿ, ಕೈ ಬಿಡ್ರಿ."

"ನಿಮ್ಮಣ್ಣ ಬರಲಿ, ಹೇಳತೀನಿ..."

"ವೈನಿ, ನೋಡ್ರಿ! ನನ್ನ ಮಾರಿ ನೋಡಬ್ಯಾಡ್ರಿ, ಎಳಿ ನೋಡ್ರಿ!"

ಶೈಲಾ ನೋಡಿದಳು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಎಳೆ ನೇರವಾಗಿ ತೂಗುತ್ತಿತ್ತು. ಅದರ ಎಕ್ಕಿದ ತುದಿಯ ಒಂದು ನವಿರೂ ಅಲುಗಲಿಲ್ಲ. ಶೈಲಾಳ ಹಿಡಿತ ತಾನಾಗಿಯೇ ಸಡಿಲವಾಯಿತು.

ಹಣೆಯ ಮೇಲೆ ಒಂದು ಕೈ, ಗದ್ದದ ಬುಡಕ್ಕೆ ಎರಡು ಬೆರಳು. ಸ್ಟೋರ್ ರೂಮಿನ ಗೊಂಬೆಯ ತಲೆ ಎಷ್ಟು ಸಲೀಸಾಗಿ ಬಾಗುತ್ತಿತ್ತು. ಅವ್ವನ ಕುತ್ತಿಗೆ ಭಾರವಾಗಿತ್ತು, ಬೆಚ್ಚಗಿತ್ತು, ಅರಿಶಿನದ ವಾಸನೆ ಬರುತ್ತಿತ್ತು. ಕಸ್ತೂರಿ ಮೂಗು ಮುಚ್ಚಿ, ಬಾಯಿಗೆ ಬಾಯಿ ಕೊಟ್ಟು ಊದಿದಳು. ಗಾಳಿ ಹೋಗಲಿಲ್ಲ. ಭಯದಲ್ಲಿ ಗದ್ದ ಬಿಟ್ಟುಬಿಟ್ಟಿದ್ದಳು. ಮತ್ತೆ ಎತ್ತಿದಳು. ಊದಿದಳು. ಸೀರೆಯ ಕೆಳಗೆ ಅವ್ವನ ಎದೆ ಮೆಲ್ಲಗೆ ಏರಿತು, ಇಳಿಯಿತು. ಕುತ್ತಿಗೆಯ ನಾಡಿ ಬೆರಳಿಗೆ ಸಿಕ್ಕಿತು. ಗುಂಡಿಗೆ ಇನ್ನೂ ಓಡುತ್ತಿದೆ. ದಾರಿ ತೆರೆದಿದೆ. ನಡುವಿನ ಉಸಿರೊಂದೇ ಇಲ್ಲ.

"ಮೇಡಂಗ ಫೋನ್ ಹಚ್ಚ್ರಿ, ನನ್ನ ಕಿವೀಗೆ ಹಿಡೀರಿ," ಎಂದು ಎರಡು ಊದಿನ ನಡುವೆ ಹೇಳಿದಳು. ಶೈಲಾ ಫೋನು ಹಚ್ಚಿ ಅವಳ ಕಿವಿಗೆ ಹಿಡಿದಳು.

"ನಿಮ್ಮವ್ವಂದು ಹಸರ ಐತಲ್ಲ," ಎಂದರು ಮೇಡಂ. ಕೇಂದ್ರಕ್ಕೆ ಬ್ಯಾಟರಿ ಇತ್ತು, ಗೋಡೆ ಹೊಳೆಯುತ್ತಲೇ ಇರಬೇಕು.

"ಉಸರಿಲ್ಲರಿ ಮೇಡಂ! ಎರಡನೇ ಗಂಟಿ, ನೀವ ಹೇಳಿದ್ರಿ! ಪಟ್ಟಿ ಬಿಚ್ಚಲೇನ್ರಿ?"

ಆಚೆಯಿಂದ ಬಂದದ್ದು ಕಸ್ತೂರಿ ಎಂದೂ ಕೇಳದಿದ್ದ ಸಣ್ಣ ದನಿ. "ಬಿಚ್ಚಬ್ಯಾಡ. ಉಸರಿಲ್ಲದಾಗ ಬಿಚ್ಚಿದಿ ಅಂದ್ರ ಒಮ್ಮಿಗೇ ಹೋಗಿಬಿಡ್ತಾಳ. ಆಕೀ ಉಸರು ನೀ ಆಡು. ಒಳಗಿನ ಕೆಟ್ಟ ಗಾಳಿ ಹೊರಗ ಬರಬೇಕು. ಆಕೀ ತಾನಾಗೇ ಎಳಕೊಳ್ಳೂ ತನಕ ಬಿಡಬ್ಯಾಡ. ನಾ ಸ್ಟೋರಿನಾಗಿನ ಆಂಬು ಬ್ಯಾಗ್ ತಗೊಂಡ ಬರ್ತೀನಿ." ಫೋನು ಇಡುವ ಮುನ್ನ ಅಂದರು: "ಕಸ್ತೂರಿ, ಗ್ವಾಡಿ ಪೂರ್ತಿ ಹಸರ ಐತಿ. ಇದರಾಗ ಯಾರು ಅದಾರ, ಯಾರಿಲ್ಲ, ನನಗ ತಿಳಿವಲ್ದು."

ಕಸ್ತೂರಿ ಊದಿದಳು. ತಲೆ ತಿರುಗಿತು, ಊದಿದಳು. ಯಾವ ಬಾಯಿ ತನಗೆ ತುತ್ತು ಅಗಿದು ತಿನ್ನಿಸಿತ್ತೋ ಆ ಬಾಯಿಗೆ ಗಾಳಿ ಕೊಡುತ್ತ, ಹೊಸ ಗುಂಡು ಹಾಕಿದ ತನ್ನ ಕೈಗಳನ್ನು ಶಪಿಸುತ್ತ ಊದಿದಳು. ಅವ್ವ ಹೋಗಬಾರದು. ಅದೊಂದು ಬಿಟ್ಟು ಅವಳ ತಲೆಯಲ್ಲಿ ಬೇರೆ ಮಾತಿರಲಿಲ್ಲ. ನಡುನಡುವೆ ತಲೆಯೆತ್ತಿದಾಗ ಶೈಲಾ ಮೂಗಿಗೆ ಎಳೆ ಹಿಡಿಯುತ್ತಿದ್ದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಹಿಡಿದಿದ್ದಳು. ಬಾಗಿಲಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ನಿಂತಿದ್ದರು.

ಎಷ್ಟು ಹೊತ್ತಾಯಿತೋ. ದುಂಡವ್ವನ ಗಂಟಲಿನಿಂದ ಒಂದು ಒರಟು ಸದ್ದು ಬಂತು. ಎಳೆ ಒಳಕ್ಕೆ ಸೆಳೆದು, ಹೊರಕ್ಕೆ ಹಾರಿತು. ಮತ್ತೊಮ್ಮೆ ಸೆಳೆಯಿತು. ಆಮೇಲೆ ಆ ಮೌನದ ಓಣಿಯಲ್ಲಿ ಎಲ್ಲರೂ ಬಲ್ಲ ಹಳೆಯ ಗೊರಕೆ ಶುರುವಾಯಿತು.

"ಚಾಲೂ ಆತು," ಎಂದಳು ಶೈಲಾ. ನಗುತ್ತಿದ್ದಳೋ ಅಳುತ್ತಿದ್ದಳೋ. "ಅತ್ತೀ ಮಗ್ಗ ಚಾಲೂ ಆತು."

ಗೊರಕೆಯೆಂದರೆ ಅರ್ಧ ಮುಚ್ಚಿದ ದಾರಿ. ಗೊತ್ತಿದ್ದೂ ಕಸ್ತೂರಿಗೆ ಅದಕ್ಕಿಂತ ಹಿತವಾದ ಸದ್ದು ಭೂಮಿಯ ಮೇಲಿಲ್ಲ ಎನ್ನಿಸಿತು. ಗದ್ದ ಎತ್ತಿ ಹಿಡಿದು, ಅವ್ವನನ್ನು ಪಕ್ಕಕ್ಕೆ ಹೊರಳಿಸಿ, ಪಟ್ಟಿಯ ತಿರುಪನ್ನು ಅರ್ಧಕ್ಕೆ ಇಳಿಸಿದಳು. ಎರಡನೆಯ ಗಂಟೆಗೆ ತುಸುವಾದರೂ ಬಾರಿಸುವ ಕೆಲಸ ಇರಲಿ. ಆಮೇಲೆ ಬಾಗಿಲ ಕಡೆ ತಿರುಗಿದಳು.

"ನಿಮ್ಮ ನಿಮ್ಮನಿಗೆ ಓಡ್ರಿ. ಮಲಗಿದವರನ್ನ ಎಬ್ಬಸ್ರಿ. ಏಳಲಿಲ್ಲಾ ಅಂದ್ರ ಮೂಗಿಗೆ ಎಳಿ ಹಿಡೀರಿ. ದೀಪ ನೋಡಬ್ಯಾಡ್ರಿ."

ಯಾರೂ ಕದಲಲಿಲ್ಲ. ಮೂಗಿಗೆ ಎಳೆ ಎಂಬ ಮಾತಿಗೇ ಅವರ ಮುಖ ಬಿಳಿಚಿತ್ತು. ಆಗ ಶೈಲಾ ಎದ್ದು, ರಾಟೆಯ ಮೇಲಿನ ನೂಲನ್ನು ಕಿತ್ತು ಕಿತ್ತು ಒಬ್ಬೊಬ್ಬರ ಕೈಗೂ ತುರುಕಿದಳು. "ಹಿಡೀರೆ! ಕೇಡ ಬಂದ್ರ ನನಗ ಬರಲಿ, ಹಿಡೀರಿ!"

ಹೆಂಗಸರು ಓಡಿದರು. ಅಷ್ಟರಲ್ಲಿ ಕರೆಂಟು ಬಂತು.

ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಎದ್ದವು. ನೆಲ ನಡುಗುವ ಆ ಖಟಖಟದಲ್ಲಿ ಅವ್ವನ ಗೊರಕೆ ಅಳಿಸಿಹೋಯಿತು. ಶೈಲಾ ಓಡಿ ತಮ್ಮ ಮಗ್ಗ ಆರಿಸಿದರೂ ಏನೂ ಉಪಯೋಗವಾಗಲಿಲ್ಲ; ಅಕ್ಕಪಕ್ಕದವೇ ಸಾಕಾಗಿದ್ದವು. ಕಸ್ತೂರಿ ಹೊಸ್ತಿಲಿಗೆ ಬಂದು ನೋಡಿದಳು. ಬಿಸಿಲಿನ ಓಣಿ. ಒಂದೊಂದೇ ಬಾಗಿಲಿಗೆ ಹೆಂಗಸರು ಬರುತ್ತಿದ್ದರು. ಎದುರು ಮನೆಯವಳ ತೋರುಬೆರಳು ಆಚೀಚೆ ಆಡಿತು: ಓಡುತ್ತಿದೆ. ಪಕ್ಕದ ಮನೆಯಲ್ಲೂ ಬೆರಳು ಆಡಿತು. ಅದರಾಚೆಯ ಬಾಗಿಲಲ್ಲಿ ಒಂದು ಅಂಗೈ ಮೇಲೆದ್ದಿತು. ಬಾವಿಯ ಬಳಿಯ ಮನೆಯಲ್ಲಿ ಇನ್ನೊಂದು. ತುದಿಯಲ್ಲಿ, ಇತ್ತ ಬದಿಯಲ್ಲಿ, ಮತ್ತೂ ಎರಡು. ಅವರ ಬಾಯಿಗಳು ಕೂಗುತ್ತಿದ್ದವು, ಕಿವಿಗೆ ಏನೂ ಮುಟ್ಟುತ್ತಿರಲಿಲ್ಲ. ಎಳೆ ಹರಿದಿದೆ, ಬಾ. ಎಳೆ ಹರಿದಿದೆ, ಬಾ.

ಮೇಡಂ ಇನ್ನೂ ಬಂದಿಲ್ಲ. ಇರುವುದು ತನ್ನದೊಂದೇ ಬಾಯಿ. ಯಾವ ಬಾಗಿಲಿಗೆ ಹೋದರೂ ಉಳಿದ ಬಾಗಿಲುಗಳು ಕಾಯಬೇಕು, ಅವ್ವನೂ ಕಾಯಬೇಕು. ಕಸ್ತೂರಿಗೆ ಕಾಲು ಕಿತ್ತಿಡಲಾಗಲಿಲ್ಲ. ಶೈಲಾ ಮತ್ತೆ ಎಳೆ ಹಿಡಿದುಕೊಂಡು ಅವ್ವನ ತಲೆಯ ಬಳಿ ಹೋಗಿ ಕೂತಳು. ಬಾಗಿಲಿನಿಂದ ಕಾಣುವಂತೆ ಕೂತು, ಹೋಗು ಎಂದು ಕಣ್ಣಲ್ಲೇ ಹೇಳಿದಳು.

ಕಸ್ತೂರಿ ಓಣಿಯ ನಟ್ಟನಡುವೆ ಹೋಗಿ ನಿಂತಳು. ಎರಡೂ ಕೈ ಎತ್ತಿ ಎಲ್ಲರ ಕಣ್ಣನ್ನು ತನ್ನ ಕಡೆ ಸೆಳೆದಳು. ಆಮೇಲೆ, ಸದ್ದಿಲ್ಲದ ಪಾಠ ಶುರುಮಾಡಿದಳು. ತನ್ನ ಹಣೆಯ ಮೇಲೆ ಒಂದು ಕೈ ಇಟ್ಟಳು. ಗದ್ದದ ಕೆಳಗೆ ಎರಡು ಬೆರಳು ಇಟ್ಟಳು. ತಲೆಯನ್ನು ಹಿಂದಕ್ಕೆ ಬಾಗಿಸಿ ಆಕಾಶಕ್ಕೆ ಬಾಯಿ ತೆರೆದಳು. ಮೂಗು ಮುಚ್ಚಿ, ಊದಿ ತೋರಿಸಿದಳು. ಎದೆಯ ಮೇಲೆ ಅಂಗೈ ಇಟ್ಟು, ಏರಬೇಕು, ಇಳಿಯಬೇಕು ಎಂದು ತೋರಿಸಿದಳು. ಹುಟ್ಟಿದಂದಿನಿಂದ ಕೈಯಲ್ಲೇ ಮಾತಾಡಿದ ಜನಕ್ಕೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಂಗೈ ಎತ್ತಿದ್ದವರು ಹಣೆ ಮುಟ್ಟಿಕೊಂಡರು, ಗದ್ದ ಎತ್ತಿಕೊಂಡರು, ಒಳಗೆ ಓಡಿದರು.

ಅವಳು ಬಾವಿಯ ಬಳಿಯ ಮನೆಗೆ ಓಡಿದಳು. ಅಲ್ಲಿ ಊದಲು ಯಾರೂ ಇರಲಿಲ್ಲ, ಮುದುಕಿಯೊಬ್ಬಳೇ ಬಾಗಿಲು ಹಿಡಿದು ನಿಂತಿದ್ದಳು. ಒಳಗೆ ಕಾಲಿಡುವ ಮುನ್ನ ಕಸ್ತೂರಿ ತಿರುಗಿ ತಮ್ಮ ಮನೆಯ ಕಡೆ ನೋಡಿದಳು. ತೆರೆದ ಬಾಗಿಲಿನ ನೆರಳಿನಲ್ಲಿ ಶೈಲಾಳ ಒಂದು ಕೈ ಅವ್ವನ ಮೂಗಿನ ಮುಂದಿತ್ತು. ಇನ್ನೊಂದು ಕೈಯ ತೋರುಬೆರಳು ಆಚೀಚೆ ಆಡುತ್ತಿತ್ತು.

ಆ ಬೆರಳು ನಿಂತಿತು.

ಕಸ್ತೂರಿ ತಾನೂ ಉಸಿರಾಡಲಿಲ್ಲ. ಬೆನ್ನ ಹಿಂದೆ ಮುದುಕಿ ಅವಳ ಸೆರಗು ಹಿಡಿದು ಒಳಗೆ ಎಳೆಯುತ್ತಿದ್ದಳು. ಅಲ್ಲಿ ಶೈಲಾ ಬಾಗಿ ಅವ್ವನನ್ನು ಅಂಗಾತ ಮಾಡಿದಳು, ಹಣೆಗೆ ಕೈ ಹೋಯಿತು, ಗದ್ದಕ್ಕೆ ಬೆರಳು ಹೋಯಿತು, ಬಾಯಿಗೆ ಬಾಯಿ ಹೋಯಿತು. ತಲೆಯೆತ್ತಿ ಮತ್ತೆ ಎಳೆ ಹಿಡಿದಳು. ಖಟಖಟ ಖಟಖಟ ಎಂದು ಊರು ಓಡುತ್ತಿತ್ತು.

ಬೆರಳು ಮತ್ತೆ ಆಡಿತು. ಕಸ್ತೂರಿ ಉಸಿರೆಳೆದುಕೊಂಡು ಒಳಗೆ ಹೋದಳು.